ಗೊರಕೆ ಸುಖನಿದ್ರೆಯ ಗುರುತಲ್ಲ: ದಂತವೈದ್ಯರಿಂದ ದೊರೆಯಬಹುದಾದ ನೆರವು



ಕಳೆದ ವರ್ಷ ಒಂದು ಅಮಾವಾಸ್ಯೆಯಂದು ಶಿವಾನುಭವ ಗೋಷ್ಠಿ ಮುಗಿದು, ಪ್ರಸಾದದ ಕೊನೆಯ ಪಂಕ್ತಿಯೂ ಎದ್ದ ಮೇಲೆ, ಹಳಿಯಾಳ ಕಡೆಯ ತಾಯಿಯೊಬ್ಬರು ಶ್ರೀಮಠದ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಅವರ ಯಜಮಾನರು ಲಾರಿ ನಡೆಸುವವರು. ಹಂಗಾಮಿನಲ್ಲಿ ಕಬ್ಬು, ಉಳಿದ ತಿಂಗಳುಗಳಲ್ಲಿ ಸಿಕ್ಕ ಸರಕು. “ಅಣ್ಣಾರ, ರಾತ್ರಿ ಇವರ ಉಸಿರು ನಿಂತುಬಿಡ್ತೈತ್ರಿ. ಮತ್ತ ಶುರು ಆಗೂತನಕ ನಾ ಒಂದು, ಎರಡು ಅಂತ ಎಣಿಸ್ಕೋತ ಕುಂದರ್ತೀನ್ರಿ. ಒಮ್ಮೆ ಇಪ್ಪತ್ತೆಂಟರ ತನಕ ಎಣಿಸೀನ್ರಿ,” ಎಂದು ಅವರು ಮೆಲುದನಿಯಲ್ಲಿ ಹೇಳಿದರು. ಪಕ್ಕದಲ್ಲಿದ್ದ ಯಜಮಾನರು ನಕ್ಕು, “ಗೊರಕಿ ಹೊಡದ್ರ ನಿದ್ದಿ ಚಲೋ ಬಂದೈತಿ ಅಂತ ಅರ್ಥ ಬಿಡ್ರಿ ಸರ,” ಎಂದರು. ಆ ಕ್ಷಣ ನಾವೂ ನಕ್ಕೆವು. ಆ ನಗುವಿನ ಬಗ್ಗೆ ನಮಗೆ ಇಂದಿಗೂ ನಾಚಿಕೆಯಿದೆ.

ಗೊರಕೆಯನ್ನು ನಗೆಯ ವಸ್ತುವೆಂದು ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಬಯಲಾಟದಲ್ಲಿ ಕುಂಭಕರ್ಣನು ರಂಗಕ್ಕೆ ಬಂದರೆ ಮಕ್ಕಳು ಮೊದಲು ಕಾಯುವುದು ಅವನ ಗೊರಕೆಗೆ. ಜಾತ್ರೆಯ ರಾತ್ರಿ ಮಠದ ಸಭಾಮಂಟಪದಲ್ಲಿ ನೂರಾರು ಜನ ಒಟ್ಟಿಗೆ ಮಲಗಿದಾಗ ಯಾರ ಗೊರಕೆ ದೊಡ್ಡದೆಂಬುದು ಮರುದಿನ ಬೆಳಗಿನ ಚಹದ ಹೊತ್ತಿನ ಮಾತು. ಆದರೆ ಆ ತಾಯಿ ಹೇಳಿದ್ದು ಗೊರಕೆಯ ವಿಚಾರವಲ್ಲ, ಗೊರಕೆ ನಿಂತುಹೋಗುವ ವಿಚಾರ. ಅದರ ಅರ್ಥವನ್ನು ತಿಳಿಯಲು ವೈದ್ಯರಲ್ಲದ ನಾವು ಹಲವು ವೈದ್ಯರನ್ನೂ ದಂತವೈದ್ಯರನ್ನೂ ಕೇಳಿ, ಓದಿ, ತಿಳಿದಷ್ಟನ್ನು ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಭಾಗದ ಭಕ್ತರ ಮುಂದಿಡುತ್ತಿದ್ದೇವೆ.

ನಾವು ನಿದ್ರಿಸಿದಾಗ ದೇಹದ ಎಲ್ಲ ಸ್ನಾಯುಗಳಂತೆ ಗಂಟಲಿನ ಸ್ನಾಯುಗಳೂ ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದರೆ ಕೆಳದವಡೆ ತುಸು ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಅಂಟಿಕೊಂಡಿರುವ ನಾಲಿಗೆಯ ಬುಡವೂ ಹಿಂದಕ್ಕೆ ಜಾರುತ್ತದೆ. ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಇಕ್ಕಟ್ಟಿನಲ್ಲಿ ರಭಸವಾಗಿ ನುಗ್ಗುವ ಗಾಳಿಗೆ ಮೆತ್ತನೆಯ ಅಂಗುಳ ಮತ್ತು ಕಿರುನಾಲಿಗೆ ಪಟಪಟನೆ ಅದುರುತ್ತವೆ. ಆ ಸದ್ದೇ ಗೊರಕೆ. ಕೆಲವರಲ್ಲಿ ಈ ದಾರಿ ಇಕ್ಕಟ್ಟಾಗುವುದಷ್ಟೇ ಅಲ್ಲ, ಪೂರ್ತಿ ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರೆಳೆಯಲು ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಗೊಂಡು ಅರೆ ಎಚ್ಚರ ಮಾಡಿಸುತ್ತದೆ. ಗಂಟಲು ತೆರೆದು, ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ. ಮಲಗಿದವರಿಗೆ ಇದಾವುದೂ ನೆನಪಿರುವುದಿಲ್ಲ. ಇದನ್ನೇ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ.

ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದು ಲೆಕ್ಕಕ್ಕೆ ಬರುತ್ತದೆ. ಉಸಿರು ಪೂರ್ತಿ ನಿಲ್ಲದೆ ತೀರ ಕುಗ್ಗಿದರೂ ಎಣಿಸುತ್ತಾರೆ. ನಿದ್ರೆಯ ಒಂದು ಗಂಟೆಯಲ್ಲಿ ಇಂಥವು 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗಿದ್ದರೆ ಮಧ್ಯಮ, 30 ದಾಟಿದರೆ ತೀವ್ರ. ತೀವ್ರವಾಗಿರುವವರು ಎಂಟು ಗಂಟೆ ಮಲಗಿ ಎದ್ದರೂ ದೇಹಕ್ಕೆ ವಿಶ್ರಾಂತಿ ಸಿಕ್ಕಿರುವುದಿಲ್ಲ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಹಗಲಿನ ತೂಕಡಿಕೆ, ಮರೆವು, ಸಿಡುಕು. ಮಾತ್ರೆಗೂ ಬಗ್ಗದ ರಕ್ತದೊತ್ತಡ. ಹೃದಯದ ಬಡಿತದ ಏರುಪೇರು, ಪಾರ್ಶ್ವವಾಯುವಿನ ಅಪಾಯ. ಜಗತ್ತಿನಲ್ಲಿ 30ರಿಂದ 69 ವಯಸ್ಸಿನ ಸುಮಾರು 93 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಇದೆಯೆಂದು 2019ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಇದು ದಪ್ಪಗಿರುವವರ ಕಾಯಿಲೆ ಮಾತ್ರ ಎಂಬ ತಿಳಿವಳಿಕೆಯೂ ಸರಿಯಲ್ಲ. ಕೆಳದವಡೆ ಚಿಕ್ಕದಾಗಿದ್ದರೆ, ಅಂಗುಳ ಕಿರಿದಾಗಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಏಷ್ಯಾ ಖಂಡದ ಜನರಲ್ಲಿ ಕಡಿಮೆ ತೂಕದವರಲ್ಲೂ ಕಾಣಿಸಿಕೊಳ್ಳಲು ಮುಖದ ಎಲುಬಿನ ರಚನೆಯೂ ಒಂದು ಕಾರಣವೆನ್ನುತ್ತಾರೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಇದು ಹೆಚ್ಚುತ್ತದೆ. ಅವರು ಗೊರಕೆಯನ್ನು ಹೇಳಿಕೊಳ್ಳಲು ಸಂಕೋಚಪಡುವುದರಿಂದ, “ದಣಿವು” ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದ ಕಾಲದಿಂದಲೂ ಪಾಳಿಯ ದುಡಿಮೆ ನಮ್ಮ ಮನೆಗಳ ದಿನಚರಿಯನ್ನು ರೂಪಿಸಿದೆ. ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸಿದರೆ ಪಾಳಿಯ ಆಯಾಸವೆಂದೇ ಎಲ್ಲರೂ ತಿಳಿಯುತ್ತಾರೆ. ಒಳಗೆ ಬೇರೆ ಕಾರಣವಿದ್ದರೆ ಹೊರಗೆ ಕಾಣುವುದಿಲ್ಲ. ಇನ್ನು ಲಾರಿ, ಬಸ್ಸು, ಟೆಂಪೊ ನಡೆಸುವವರು. ಅಣಶಿ ಘಟ್ಟ, ಅರಬೈಲ್ ಘಟ್ಟಗಳ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದವರ ಕಣ್ಣು ಎರಡು ಸೆಕೆಂಡು ಮುಚ್ಚಿದರೆ ಏನಾಗುತ್ತದೆಂಬುದನ್ನು ಈ ದಾರಿಯಲ್ಲಿ ಓಡಾಡುವವರಿಗೆ ನಾವು ವಿವರಿಸಬೇಕಾಗಿಲ್ಲ.

ಈಗ ದಂತವೈದ್ಯರ ವಿಚಾರಕ್ಕೆ ಬರೋಣ. ಉಸಿರಿನ ಕಾಯಿಲೆಗೆ ಹಲ್ಲಿನ ವೈದ್ಯರೇಕೆ ಎಂಬ ಪ್ರಶ್ನೆ ಸಹಜ. ನಾವೂ ಅದನ್ನೇ ಕೇಳಿದ್ದೆವು. ಉತ್ತರ ಸರಳವಾಗಿದೆ. ತೊಂದರೆಯ ಮೂಲದಲ್ಲಿರುವ ದವಡೆ, ನಾಲಿಗೆ, ಅಂಗುಳ ಇವು ಮೂರೂ ದಂತವೈದ್ಯರು ದಿನವೂ ನೋಡುವ ಅಂಗಗಳು. ಹುಳುಕು ಹಲ್ಲಿಗಾಗಿ ಕುರ್ಚಿಯ ಮೇಲೆ ಒರಗಿದ ವ್ಯಕ್ತಿಯ ಬಾಯಿಯಲ್ಲಿ ಅವರಿಗೆ ಕೆಲವು ಸುಳಿವುಗಳು ಕಾಣಸಿಗುತ್ತವೆ: ನಾಲಿಗೆಯ ಅಂಚಿನಲ್ಲಿ ಹಲ್ಲಿನ ಒತ್ತು, ಬಾಯಿ ತೆರೆದರೂ ಕಿರುನಾಲಿಗೆ ಕಾಣದಷ್ಟು ಇಕ್ಕಟ್ಟು, ಎತ್ತರದ ಕಿರಿದಾದ ಅಂಗುಳ, ಹಿಂದೆ ಸರಿದ ಗದ್ದ, ರಾತ್ರಿ ಹಲ್ಲು ಕಡಿದು ಸವೆದ ಗುರುತು. ಇವುಗಳಿಂದಲೇ ಕಾಯಿಲೆ ಇದೆಯೆಂದು ತೀರ್ಮಾನಿಸಲಾಗದು. ಕೇಳಬೇಕಾದ ಪ್ರಶ್ನೆಗಳನ್ನು ಕೇಳಲು ಇವು ಕಾರಣವಾಗುತ್ತವೆ. ಜ್ವರವಿಲ್ಲದೆ ವೈದ್ಯರ ಬಳಿಗೆ ಹೋಗದ ನಮ್ಮವರು ಹಲ್ಲು ನೋವಿಗಾದರೂ ಹೋಗುತ್ತಾರೆ ಎಂಬುದನ್ನು ನೆನೆದರೆ ಈ ಸುಳಿವುಗಳ ಬೆಲೆ ತಿಳಿಯುತ್ತದೆ.

ದಂತವೈದ್ಯರು ಮಾಡಿಕೊಡುವ ಮುಖ್ಯ ಸಾಧನವೆಂದರೆ ಕೆಳದವಡೆಯನ್ನು ಮುಂದೆ ಹಿಡಿದಿಡುವ ಬಾಯಿಯ ಸಾಧನ. ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ತೊಡಿಸುವ ತೆಳುವಾದ ಎರಡು ಕವಚಗಳು. ಅವೆರಡನ್ನೂ ಜೋಡಿಸುವ ಒಂದು ಕೊಂಡಿ ಅಥವಾ ತಿರುಪು. ರಾತ್ರಿ ಹಾಕಿಕೊಂಡರೆ ಕೆಳದವಡೆ ಕೆಲವು ಮಿಲಿಮೀಟರ್ ಮುಂದಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ನಾಲಿಗೆಯ ಬುಡ ಹಿಂದೆ ಜಾರುವುದಿಲ್ಲ, ಗಂಟಲು ತೆರೆದಿರುತ್ತದೆ. ಮೂರ್ಛೆ ಹೋದವರ ಗದ್ದವನ್ನು ಮುಂದಕ್ಕೆತ್ತಿ ಉಸಿರಿನ ದಾರಿ ತೆರೆಯುವುದನ್ನು ಪ್ರಥಮ ಚಿಕಿತ್ಸೆಯಲ್ಲಿ ಕಲಿತವರಿಗೆ ಇದರ ತತ್ತ್ವ ಕೂಡಲೇ ಹೊಳೆಯುತ್ತದೆ. ಕಲ್ಪನೆಯೂ ಹೊಸದಲ್ಲ. ಪಿಯರ್ ರಾಬಿನ್ ಎಂಬ ಫ್ರಾನ್ಸಿನ ವೈದ್ಯರು ಚಿಕ್ಕ ದವಡೆಯ ಮಕ್ಕಳ ನಾಲಿಗೆ ಹಿಂದೆ ಬೀಳದಿರಲೆಂದು ಇಂಥದೊಂದು ಸಾಧನವನ್ನು 1902ರಲ್ಲೇ ವಿವರಿಸಿದ್ದರು.

ದವಡೆಯನ್ನು ಒಮ್ಮೆಲೇ ಪೂರ್ತಿ ಮುಂದಕ್ಕೆ ಎಳೆಯುವುದಿಲ್ಲ. ಬಾಯಿಯ ಅಚ್ಚು ತೆಗೆದುಕೊಂಡು, ಆ ವ್ಯಕ್ತಿಯ ಹಲ್ಲಿಗೆ ತಕ್ಕಂತೆಯೇ ಸಾಧನ ಮಾಡಿಸಿ, ಅವರು ದವಡೆಯನ್ನು ಎಷ್ಟು ಮುಂದೆ ಚಾಚಬಲ್ಲರೋ ಅದರ ಅರ್ಧದಷ್ಟರಲ್ಲಿ ಆರಂಭಿಸಿ, ವಾರಗಳ ಅಂತರದಲ್ಲಿ ತುಸು ತುಸುವೇ ಮುಂದೆ ತರುತ್ತಾರೆ. ಮೊದಲ ದಿನಗಳಲ್ಲಿ ಜೊಲ್ಲು ಹೆಚ್ಚು. ಬೆಳಿಗ್ಗೆ ದವಡೆಯ ಕೀಲಿನಲ್ಲಿ ನೋವು. ಹಲ್ಲುಗಳು ಒಂದಕ್ಕೊಂದು ಕೂಡದಂತೆ ಅನ್ನಿಸುವುದೂ ಉಂಟು. ಹೆಚ್ಚಿನವರಿಗೆ ಇದು ಕ್ರಮೇಣ ಕಡಿಮೆಯಾಗುತ್ತದೆ. ಆದರೆ ವರ್ಷಗಟ್ಟಲೆ ಬಳಸಿದರೆ ಹಲ್ಲಿನ ಕಚ್ಚು ನಿಜವಾಗಿಯೂ ಸ್ವಲ್ಪ ಬದಲಾಗಬಹುದು. ಆದ್ದರಿಂದಲೇ ಸಾಧನ ಕೊಟ್ಟ ದಂತವೈದ್ಯರ ಬಳಿಗೆ ಕಾಲಕಾಲಕ್ಕೆ ಹೋಗಿ ತೋರಿಸುವುದು ಚಿಕಿತ್ಸೆಯದೇ ಒಂದು ಭಾಗ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಾಧನಕ್ಕಿಂತ ಮೊದಲು ಪರೀಕ್ಷೆಯಾಗಬೇಕು. ರಾತ್ರಿಯ ನಿದ್ರೆಯಲ್ಲಿ ಉಸಿರು, ಆಮ್ಲಜನಕ, ಹೃದಯದ ಬಡಿತಗಳನ್ನು ದಾಖಲಿಸುವ ನಿದ್ರಾ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿಯೂ, ಕೆಲವರಿಗೆ ಚಿಕ್ಕ ಉಪಕರಣ ಕೊಟ್ಟು ಮನೆಯಲ್ಲಿಯೂ ಮಾಡುತ್ತಾರೆ. ಕಾಯಿಲೆ ಇದೆಯೇ, ಎಷ್ಟಿದೆ ಎಂದು ನಿರ್ಣಯಿಸುವುದು ನಿದ್ರಾರೋಗ ಬಲ್ಲ ವೈದ್ಯರ ಕೆಲಸ. ಅವರು ಸೂಚಿಸಿದ ಮೇಲೆ ಸಾಧನ ಮಾಡುವುದು ದಂತವೈದ್ಯರ ಕೆಲಸ. ಅಮೆರಿಕದ ನಿದ್ರಾವೈದ್ಯರ ಮತ್ತು ನಿದ್ರಾ ದಂತವೈದ್ಯರ ಸಂಸ್ಥೆಗಳು 2015ರಲ್ಲಿ ಕೂಡಿ ಹೊರತಂದ ಮಾರ್ಗಸೂಚಿಯ ಸಾರವೂ ಇದೇ. ಅದರಂತೆ, ಸಿಪ್ಯಾಪ್ ಯಂತ್ರವನ್ನು ತಾಳಿಕೊಳ್ಳಲಾಗದ ಅಥವಾ ಬೇರೆ ಚಿಕಿತ್ಸೆ ಬಯಸುವ ವಯಸ್ಕರಿಗೆ ಬಾಯಿಯ ಸಾಧನ ಕೊಡಬಹುದು. ಅದು ಆ ವ್ಯಕ್ತಿಗೆಂದೇ ಮಾಡಿದ, ಹೊಂದಿಸಬಹುದಾದ ಸಾಧನವಾಗಿರಬೇಕು. ಕೊಟ್ಟ ಮೇಲೆ ಗುಣವಾಗಿದೆಯೇ ಎಂದು ಮತ್ತೆ ನಿದ್ರಾ ಪರೀಕ್ಷೆ ಮಾಡಬೇಕು.

ಸಿಪ್ಯಾಪ್ ಎಂದರೆ ಮೂಗಿಗೆ ಮುಖವಾಡ ಕಟ್ಟಿ, ಕೊಳವೆಯ ಮೂಲಕ ಒತ್ತಡದ ಗಾಳಿಯನ್ನು ಬಿಟ್ಟು ಗಂಟಲು ಮುಚ್ಚದಂತೆ ಹಿಡಿಯುವ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲ್ಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಉಸಿರು ನಿಲ್ಲುವ ಎಣಿಕೆಯನ್ನು ಇಳಿಸುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ತೀವ್ರ ಕಾಯಿಲೆಗೆ ಮೊದಲ ಆಯ್ಕೆ ಇಂದಿಗೂ ಇದೇ. ಬಾಯಿಯ ಸಾಧನ ಅಷ್ಟು ಬಲವಾದುದಲ್ಲ; ಆದರೆ ಯಂತ್ರವನ್ನು ಮಧ್ಯರಾತ್ರಿ ಕಿತ್ತಿಡುವವರು ಬಹಳ, ಸಾಧನವನ್ನು ಬೆಳಗಿನವರೆಗೆ ಧರಿಸುವವರು ಹೆಚ್ಚು. ಹೀಗಾಗಿ ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ ಎರಡರ ಫಲವೂ ಹಲವರಲ್ಲಿ ಹತ್ತಿರ ಹತ್ತಿರ ಬರುತ್ತದೆ.

ಜೋಯಿಡಾದ ಭಕ್ತರು ಇದನ್ನು ಓದಿ ನಗಬಹುದು. ಸೂಪಾ ಅಣೆಕಟ್ಟೆಗಾಗಿ ಊರು ಮನೆ ನೀರಿಗೆ ಬಿಟ್ಟುಕೊಟ್ಟ ತಾಲ್ಲೂಕಿನಲ್ಲಿ, ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ವಿದ್ಯುತ್ ಬೇಡುವ ಯಂತ್ರವನ್ನು ಕಾಡಿನ ನಡುವಿನ ಮನೆಗೆ ಒಯ್ದು ಏನು ಮಾಡುವುದು? ಈ ಪ್ರಶ್ನೆ ನ್ಯಾಯವಾದುದು. ಅಂಗೈಯಲ್ಲಿ ಹಿಡಿಯಬಹುದಾದ, ವಿದ್ಯುತ್ ಬೇಡದ, ಲಾರಿಯ ಕ್ಯಾಬಿನ್ನಿನಲ್ಲೂ ಹಾಕಿಕೊಂಡು ಮಲಗಬಹುದಾದ ಸಾಧನ ನಮ್ಮ ಭಾಗಕ್ಕೆ ಒಪ್ಪುವಂಥದೆಂದು ನಮಗೆ ಅನ್ನಿಸಿದ್ದು ಇದೇ ಕಾರಣಕ್ಕೆ. ಆದರೂ ಎಣಿಕೆ 30 ದಾಟಿದವರು ವಿದ್ಯುತ್ತಿನ ಅಡಚಣೆಯನ್ನು ವೈದ್ಯರಿಗೆ ಹೇಳಿ, ಬ್ಯಾಟರಿಯ ಏರ್ಪಾಡಿನ ಬಗ್ಗೆ ಕೇಳಿ ತಿಳಿಯಬೇಕೇ ಹೊರತು, ತಾವಾಗಿಯೇ ಸುಲಭದ್ದನ್ನು ಆರಿಸಿಕೊಳ್ಳಬಾರದು.

ಸಾಧನ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಹಿಡಿದು ನಿಲ್ಲಲು ಮೇಲೆ ಕೆಳಗೆ ಸಾಕಷ್ಟು ಗಟ್ಟಿ ಹಲ್ಲುಗಳಿರಬೇಕು. ಒಸಡು ಕೆಟ್ಟು ಹಲ್ಲು ಅಲುಗಾಡುವವರಿಗೆ ಮೊದಲು ಒಸಡಿನ ಚಿಕಿತ್ಸೆ. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಹಿರಿಯರಿಗೆ ಇದು ಕಷ್ಟ. ನಾಲಿಗೆಯನ್ನೇ ಮುಂದೆ ಹಿಡಿದಿಡುವ ಬೇರೆ ಬಗೆಯ ಸಾಧನವುಂಟು, ಅದನ್ನು ತಾಳಿಕೊಳ್ಳುವವರು ಕಡಿಮೆ. ಇದೆಲ್ಲಕ್ಕಿಂತ ನಮ್ಮನ್ನು ಕಾಡುವುದು ಗುಟ್ಕಾ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಗಡುಸಾಗಿ ಎರಡು ಬೆರಳೂ ಹೋಗದಷ್ಟು ಬಾಯಿ ಬಿಗಿದುಕೊಂಡ ತರುಣರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಅಂಥ ಬಾಯಿಯ ಅಚ್ಚು ತೆಗೆಯುವುದೇ ಕಷ್ಟ, ಸಾಧನ ತೊಡಿಸುವುದು ಇನ್ನೂ ಕಷ್ಟ. ಅದೇ ಬಾಯಿ ಮುಂದೆ ಕ್ಯಾನ್ಸರಿನ ದಾರಿ ಹಿಡಿಯಬಹುದೆಂಬುದು ಬೇರೆಯ, ಇನ್ನೂ ಕಠಿಣವಾದ ಮಾತು. ನಿದ್ದೆ ಬಾರದಿರಲೆಂದು ಚಾಲಕರು ಗುಟ್ಕಾ ಹಾಕಿಕೊಳ್ಳುತ್ತಾರೆ. ಆ ನಿದ್ದೆಯ ಮೂಲಕ್ಕೆ ಮಾಡಬಹುದಾಗಿದ್ದ ಚಿಕಿತ್ಸೆಗೆ ಆ ಗುಟ್ಕಾವೇ ಅಡ್ಡ ನಿಲ್ಲುತ್ತದೆ.

ಬಿಸಿನೀರಿನಲ್ಲಿ ಅದ್ದಿ ಕಚ್ಚಿದರೆ ಸಾಕು ಎನ್ನುವ ಸಿದ್ಧ ಸಾಧನಗಳು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಭಕ್ತರೊಬ್ಬರು ತರಿಸಿಕೊಂಡು, ಎರಡು ವಾರದಲ್ಲಿ ದವಡೆಯ ಕೀಲು ನೋಯಿಸಿಕೊಂಡು ನಮಗೆ ತೋರಿಸಿದರು. ಅದನ್ನು ಹಲ್ಲಿಗೆ ತಕ್ಕಂತೆ ಹೊಂದಿಸಿದವರೂ ಇರಲಿಲ್ಲ, ನೋವಾದಾಗ ಕೇಳುವವರೂ ಇರಲಿಲ್ಲ.

ಮಕ್ಕಳ ವಿಚಾರ ಬೇರೆ. ಬಾಯಿ ತೆರೆದು ಮಲಗುವ, ದಿನವೂ ಗೊರಕೆ ಹೊಡೆಯುವ ಮಗುವಿಗೆ ಹೆಚ್ಚಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಉಬ್ಬಿರುತ್ತವೆ. ಮೊದಲು ತೋರಿಸಬೇಕಾದದ್ದು ಕಿವಿ ಮೂಗು ಗಂಟಲಿನ ವೈದ್ಯರಿಗೆ. ಅಂಗುಳ ಕಿರಿದಾಗಿದ್ದರೆ ಹಲ್ಲು ಸರಿಪಡಿಸುವ ದಂತತಜ್ಞರು ಬೆಳೆಯುವ ವಯಸ್ಸಿನಲ್ಲಿ ಅದನ್ನು ನಿಧಾನವಾಗಿ ಅಗಲಗೊಳಿಸಬಲ್ಲರು; ಎಲುಬು ಬಲಿತ ಮೇಲೆ ಅದು ಅಷ್ಟು ಸುಲಭವಲ್ಲ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ಬಹಳ ಸಲ ತುಂಟರಾಗುತ್ತಾರೆ. ಪಾಠದಲ್ಲಿ ಮನಸ್ಸಿಲ್ಲ, ಹಟಮಾರಿ ಎಂದು ಶಿಕ್ಷಕರಿಂದ ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರು ರಾತ್ರಿಯಿಡೀ ಉಸಿರಿಗಾಗಿ ಹೆಣಗಿದವರಾಗಿರಬಹುದು. ಪ್ರಸಾದ ನಿಲಯಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ರಾತ್ರಿ ಒಂದು ಸುತ್ತು ಹೋಗಿ ಕಿವಿಗೊಟ್ಟು ಕೇಳಿದರೂ ಇದು ತಿಳಿಯುತ್ತದೆ.

ಮಕ್ಕಳದೇ ಇನ್ನೊಂದು ಸಂಗತಿಯನ್ನು ಹಳ್ಳಿಯ ತಾಯಂದಿರು ಗಮನಿಸಬೇಕು. ಮರದಿಂದಲೋ ಚಕ್ಕಡಿಯಿಂದಲೋ ಬಿದ್ದು ಗದ್ದಕ್ಕೆ ಪೆಟ್ಟಾದ ಮಗುವಿನ ಗಾಯ ಮಾಯುತ್ತದೆ. ಆದರೆ ಕಿವಿಯ ಮುಂದಿರುವ ದವಡೆಯ ಕೀಲು ಒಳಗೇ ಬೆಸೆದುಕೊಂಡು ತಿಂಗಳು ಕಳೆದಂತೆ ಬಾಯಿ ತೆರೆಯುವುದು ಕಡಿಮೆಯಾಗುವುದುಂಟು. ಮಗು ಬೆಳೆಯುತ್ತದೆ, ಕೆಳದವಡೆ ಬೆಳೆಯುವುದಿಲ್ಲ. ಗದ್ದ ಒಳಗೆ ಸರಿದು ಉಸಿರಿನ ದಾರಿ ಕಿರಿದಾಗುತ್ತದೆ. ಅಂಥವರಲ್ಲಿ ಸ್ಲೀಪ್ ಅಪ್ನಿಯಾ ಬಹು ತೀವ್ರವಾಗಿರುತ್ತದೆ. ಕೀಲನ್ನು ಬಿಡಿಸಿ, ದವಡೆಯ ಎಲುಬನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡುವವರೂ ದಂತವೈದ್ಯಕೀಯದಿಂದ ಬಂದ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರೇ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜು, ಬೆಳಗಾವಿಯ ಕೆಎಲ್‌ಇ ವಿ.ಕೆ. ದಂತವಿಜ್ಞಾನ ಸಂಸ್ಥೆಗಳಂಥ ಕಡೆ ಹಲ್ಲು ಕಟ್ಟುವ, ಹಲ್ಲು ಸರಿಪಡಿಸುವ, ದವಡೆಯ ಶಸ್ತ್ರಚಿಕಿತ್ಸೆಯ ವಿಭಾಗಗಳು ಒಂದೇ ಆವರಣದಲ್ಲಿವೆ.

ಶಂಖ ಊದಿದರೆ ಇದು ಗುಣವಾಗುವುದಂತೆ ಎಂದು ಕೆಲವರು ಇತ್ತೀಚೆಗೆ ನಮ್ಮನ್ನು ಕೇಳಿದರು. ಸುಳ್ಳು ಸುದ್ದಿಯಲ್ಲ. ಜಯಪುರದ ವೈದ್ಯರು ಮಧ್ಯಮ ಹಂತದ 30 ಜನರ ಮೇಲೆ ನಡೆಸಿದ ಪ್ರಯೋಗವೊಂದು 2025ರಲ್ಲಿ ಪ್ರಕಟವಾಯಿತು. ಆರು ತಿಂಗಳು ಶಂಖ ಊದಿದವರಲ್ಲಿ ಹಗಲಿನ ತೂಕಡಿಕೆಯೂ ಉಸಿರು ನಿಲ್ಲುವ ಎಣಿಕೆಯೂ ಕಡಿಮೆಯಾದವು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮವಾಗುವುದು ಇದಕ್ಕೆ ಕಾರಣವೆನ್ನುತ್ತಾರೆ. ಆದರೆ ಮೂವತ್ತು ಜನರ ಪ್ರಯೋಗ ಚಿಕ್ಕದು, ಗಂಟೆಗೆ ಕಡಿಮೆಯಾದದ್ದೂ ನಾಲ್ಕೈದು ಎಣಿಕೆ ಮಾತ್ರ. ಮಠದ ಶಂಖದ ಮೇಲೆ ನಮಗೆ ಎಷ್ಟೇ ಅಭಿಮಾನವಿದ್ದರೂ, ಚಿಕಿತ್ಸೆ ಬಿಟ್ಟು ಶಂಖ ಹಿಡಿಯಿರಿ ಎಂದು ಹೇಳಲಾರೆವು.

ಸಂದೇಹವಿರುವವರು ಏನು ಮಾಡಬೇಕು? ಮನೆಯವರು ರಾತ್ರಿಯ ಸದ್ದನ್ನು ಮೊಬೈಲಿನಲ್ಲಿ ಹತ್ತು ನಿಮಿಷ ಧ್ವನಿಮುದ್ರಿಸಿಕೊಳ್ಳಲಿ. ಮಾತಿಗಿಂತ ಅದು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಅಂಗಿಯ ಕಾಲರಿನ ಅಳತೆ ಪುರುಷರಲ್ಲಿ 17 ಇಂಚು, ಮಹಿಳೆಯರ ಕತ್ತಿನ ಅಳತೆ 16 ಇಂಚು ದಾಟಿದ್ದರೆ, ರಕ್ತದೊತ್ತಡವಿದ್ದರೆ, ಕುಳಿತಲ್ಲಿ ನಿದ್ದೆ ಬರುತ್ತಿದ್ದರೆ ಅದನ್ನೂ ಬರೆದುಕೊಂಡು ಹೋಗಲಿ. ಹಳಿಯಾಳ, ದಾಂಡೇಲಿಯವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಜೋಯಿಡಾದ ಘಟ್ಟದಂಚಿನವರಿಗೆ ಕಾರವಾರವೂ ಉಂಟು. ಊರಿನ ದಂತವೈದ್ಯರನ್ನು ಮೊದಲು ಕಂಡರೂ ಸರಿ. ನಿದ್ರಾ ಪರೀಕ್ಷೆಯ ವರದಿ ಕೇಳದೆ ನೇರ ಸಾಧನ ಮಾಡಿಕೊಡುತ್ತೇವೆನ್ನುವವರ ಬಳಿ ಮಾತ್ರ ಒಂದು ಕ್ಷಣ ತಡೆದು ಯೋಚಿಸಿರಿ. ಅಷ್ಟರವರೆಗೆ ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯವನ್ನೂ ವೈದ್ಯರು ಹೇಳದ ನಿದ್ದೆಮಾತ್ರೆಯನ್ನೂ ಮುಟ್ಟದಿರುವುದು, ತೂಕ ಹೆಚ್ಚಿದ್ದರೆ ಇಳಿಸುವುದು, ತೂಕಡಿಕೆ ಬಂದರೆ ವಾಹನವನ್ನು ಬದಿಗೆ ನಿಲ್ಲಿಸುವುದು ಎಲ್ಲರ ಕೈಯಲ್ಲಿದೆ.

ಆ ಲಾರಿ ಚಾಲಕರು ಕೊನೆಗೆ ಪರೀಕ್ಷೆಗೆ ಹೋದರು. ಹೆಂಡತಿಯ ಎಣಿಕೆ ಸುಳ್ಳಾಗಿರಲಿಲ್ಲ, ಗಂಟೆಗೆ 24. ಯಂತ್ರವನ್ನು ಕ್ಯಾಬಿನ್ನಿನಲ್ಲಿ ಇಡಲಾರೆನೆಂದು ಹೇಳಿ, ವೈದ್ಯರ ಒಪ್ಪಿಗೆಯ ಮೇಲೆ ಬಾಯಿಯ ಸಾಧನ ಮಾಡಿಸಿಕೊಂಡರು. ಹತ್ತು ಹದಿನೈದು ದಿನ ದವಡೆ ನೋವೆಂದು ಗೊಣಗಿ, ಆಮೇಲೆ ರೂಢಿಯಾಯಿತು. ಮನೆಯಲ್ಲಿ ಗೊರಕೆ ನಿಂತಿದೆ, ತಾಯಿಯವರೂ ಮಲಗುತ್ತಿದ್ದಾರೆ. ಆದರೆ ಸಾಧನ ಹಾಕಿಕೊಂಡು ಮಾಡಿಸಬೇಕಾದ ಎರಡನೆಯ ಪರೀಕ್ಷೆಗೆ ಅವರು ಇನ್ನೂ ಹೋಗಿಲ್ಲ. “ಗೊರಕಿ ನಿಂತೈತಲ್ರಿ ಸರ, ಮತ್ಯಾಕ?” ಎನ್ನುತ್ತಾರೆ. ಸದ್ದು ನಿಂತರೂ ಉಸಿರು ಸದ್ದಿಲ್ಲದೆ ನಿಲ್ಲುತ್ತಿರಬಹುದೆಂದು ನಾವು ಎರಡು ಸಲ ಹೇಳಿದ್ದೇವೆ. ಕಬ್ಬಿನ ಹಂಗಾಮು ಮುಗಿಯಲಿ ಎಂದಿದ್ದಾರೆ. ಬರುವ ಅಮಾವಾಸ್ಯೆಗೆ ಅವರು ಗೋಷ್ಠಿಗೆ ಬಂದಾಗ ಮತ್ತೆ ಕೇಳುವವರಿದ್ದೇವೆ.